ಮಸೂರವಿಲ್ಲದ ರೂಪದರ್ಶನ

ವಸ್ತುವನ್ನು ಕಾಣುವುದೆಂದರೇನು? ದೀಪದ ಬೆಳಕು ವಸ್ತುವಿನ ಮೇಲೆ ಬೀಳುತ್ತದೆ. ವಸ್ತುವು ಅದನ್ನು ದಿಕ್ಕುದಿಕ್ಕಿಗೆ ಚೆದರಿಸುತ್ತದೆ. ಹಾಗೆ ಚೆದರಿದ ಬೆಳಕನ್ನು ನಮ್ಮ ಕಣ್ಣಿನ ಮಸೂರವು ಮತ್ತೆ ಒಂದುಗೂಡಿಸಿ ಅಕ್ಷಿಪಟದ ಮೇಲೆ ಆಕೃತಿಯನ್ನು ಮೂಡಿಸುತ್ತದೆ. ಕಾಣುವ ಕ್ರಿಯೆಗೆ ಹೀಗೆ ಎರಡು ಅಂಗಗಳುಂಟು. ಚೆದರುವುದು ಒಂದು, ಕೂಡುವುದು ಇನ್ನೊಂದು. ಮೊದಲನೆಯದು ವಸ್ತುವಿನ ಕೆಲಸ, ಎರಡನೆಯದು ಮಸೂರದ ಕೆಲಸ. ಚೆದರಿದ ಬೆಳಕು ಮಾತ್ರ ಕೈಗೆ ಸಿಕ್ಕಿ, ಅದನ್ನು ಕೂಡಿಸುವ ಮಸೂರವೇ ಇಲ್ಲದೆ ಹೋದರೆ ವಸ್ತುವಿನ ರೂಪವನ್ನು ತಿಳಿಯುವ ಬಗೆ ಹೇಗೆ? ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳನ್ನು ಬಹುಕಾಲ ಕಾಡಿದ, ಕಡೆಗೆ ಗಣಿತದ ಬಲದಿಂದ ಪರಿಹಾರವಾದ ಈ ಪ್ರಶ್ನೆಯನ್ನು ಉಪಾಧ್ಯಾಯ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ವಿದ್ಯಾಭಿಮಾನಿಗಳಾದ ದಾನಿಗಳಿಗೂ ತಿಳಿಯುವ ಮಾತಿನಲ್ಲಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಸೂರವಿಲ್ಲದ ಸ್ಥಿತಿ ಏಕೆ ಒದಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾದ ವಿವರವನ್ನು ಆ ಅಲೆಯಿಂದ ಕಾಣಲಾಗದು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು ೪೦೦ರಿಂದ ೭೦೦ ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪರಮಾಣುಗಳ ನಡುವಣ ಅಂತರವಾದರೋ ಒಂದು ನ್ಯಾನೋಮೀಟರಿಗೂ ಕಡಮೆ. ಆದುದರಿಂದ ಸೂಕ್ಷ್ಮ ಲೋಕವನ್ನು ಕಾಣಲು ಕ್ಷ-ಕಿರಣಗಳು ಬೇಕು. ಆದರೆ ಕ್ಷ-ಕಿರಣಗಳು ಗಾಜಿನಲ್ಲಿ ಬಾಗುವುದೇ ಇಲ್ಲವೆನ್ನುವಷ್ಟು ಅಲ್ಪವಾಗಿ ಬಾಗುತ್ತವೆ. ಅವುಗಳಿಗೆಂದೇ ಅತಿಸೂಕ್ಷ್ಮ ವರ್ತುಲರೇಖೆಗಳನ್ನು ಕೊರೆದ ಫಲಕಗಳನ್ನು ಮಾಡಿರುವರಾದರೂ, ಆ ರೇಖೆಗಳನ್ನು ಎಷ್ಟು ನಯವಾಗಿ ಕೊರೆಯಬಲ್ಲೆವೋ ಅಷ್ಟೇ ನಯವಾದ ಚಿತ್ರ ದೊರೆಯುತ್ತದೆ. ಕಿರಣಗಳ ಬಹುಭಾಗವೂ ನಷ್ಟವಾಗುತ್ತದೆ.

ಬೆಳಕು ಬರೆಯುವ ಲಿಪಿ

ಅಲೆಯು ತಡೆಯನ್ನು ದಾಟುವಾಗ ಅಂಚಿನಲ್ಲಿ ಬಾಗಿ ಹರಡುವುದಕ್ಕೆ ವಿವರ್ತನೆ ಎಂದು ಹೆಸರು. ಇದನ್ನು ನೋಡಲು ಪ್ರಯೋಗಶಾಲೆ ಬೇಕಿಲ್ಲ. ನಯವಾಗಿ ನೆಯ್ದ ರೇಷ್ಮೆವಸ್ತ್ರವನ್ನು ಕಣ್ಣಿಗೆ ಅಡ್ಡ ಹಿಡಿದು ದೂರದ ಬೀದಿದೀಪವನ್ನು ನೋಡಿದರೆ, ದೀಪದ ಸುತ್ತ ಅಡ್ಡಸಾಲು ಉದ್ದಸಾಲುಗಳಲ್ಲಿ ಬಣ್ಣದ ಬೊಟ್ಟುಗಳು ಕಾಣಿಸುತ್ತವೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬವರು ರೇಷ್ಮೆ ಕರವಸ್ತ್ರದ ಮೂಲಕ ಇದನ್ನು ಕಂಡು ಬೆರಗಾಗಿ, ೧೭೮೫ರಲ್ಲಿ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಅವರನ್ನು ಕಾರಣ ಕೇಳಿದರು. ರಿಟನ್‌ಹೌಸ್ ಕೂದಲೆಳೆಗಳನ್ನು ಒತ್ತಾಗಿ ಸಾಲುಗೂಡಿಸಿ ಇದೇ ಪರಿಣಾಮವನ್ನು ಉಂಟುಮಾಡಿ ಅಳೆದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೂಲು ಎಷ್ಟು ಒತ್ತಾಗಿದೆಯೋ ಬೊಟ್ಟುಗಳು ಅಷ್ಟು ದೂರ ದೂರ ಸರಿಯುತ್ತವೆ. ವಸ್ತುವಿನಲ್ಲಿ ಸೂಕ್ಷ್ಮವಾದದ್ದು ವಿನ್ಯಾಸದಲ್ಲಿ ವಿಶಾಲವಾಗುತ್ತದೆ, ವಿಶಾಲವಾದದ್ದು ಕೇಂದ್ರದ ಬಳಿ ಕುಗ್ಗುತ್ತದೆ.

ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಹೊರಟ ಅಲೆಗಳು ದೂರದ ಪರದೆಯನ್ನು ತಲಪಿ, ಏರಿಗೆ ಏರು ಕೂಡಿದೆಡೆ ಬೆಳಗುತ್ತವೆ, ಏರಿಗೆ ತಗ್ಗು ಕೂಡಿದೆಡೆ ನಂದುತ್ತವೆ. ಇದು ಸ್ಪಷ್ಟವಾಗಿ ನಡೆಯಬೇಕಾದರೆ ಅಲೆಗಳೆಲ್ಲವೂ ಕವಾಯತಿನ ದಂಡಿನಂತೆ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡಿರಬೇಕು. ಇಂತಹ ಬೆಳಕಿಗೆ ಸಂಸಕ್ತ ಬೆಳಕು ಎನ್ನುತ್ತಾರೆ. ಸಂತೆಯ ಜನಜಂಗುಳಿಯಂತೆ ಬರುವ ಬೆಳಕಿನಲ್ಲಿ ಬೇರೆ ಬೇರೆ ವಿನ್ಯಾಸಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಸಂಸಕ್ತ ಬೆಳಕು ಬರೆದ ವಿನ್ಯಾಸವಾದರೋ ವಸ್ತುವಿನ ಪೂರ್ಣ ವಿವರಣೆಯೇ ಸರಿ. ಆದರೆ ನಮಗೆ ಓದಲು ಬಾರದ ಲಿಪಿಯಲ್ಲಿರುವ ವಿವರಣೆ. ಫ್ರಾನ್ಸ್ ದೇಶದ ಗಣಿತಜ್ಞ ಜೋಸೆಫ್ ಫೂರಿಯೇ ಅವರ ಹೆಸರಿನಲ್ಲಿ ನಿಂತಿರುವ ಫೂರಿಯೇ ಪರಿವರ್ತನೆಯೆಂಬ ಗಣಿತವು ಈ ಲಿಪಿಯ ವ್ಯಾಕರಣ. ವಸ್ತುವಿನಿಂದ ವಿನ್ಯಾಸಕ್ಕೂ ವಿನ್ಯಾಸದಿಂದ ವಸ್ತುವಿಗೂ ಅದು ದಾರಿ ತೋರುತ್ತದೆ.

ಕಳೆದುಹೋಗುವ ಅರ್ಧಭಾಗ

ಹಾಗಿದ್ದರೆ ವಿನ್ಯಾಸದ ಛಾಯಾಚಿತ್ರ ತೆಗೆದು, ಗಣಿತದಿಂದ ಹಿಮ್ಮರಳಿಸಿದರೆ ಆಯಿತಲ್ಲ ಎನ್ನಬಹುದು. ಇಲ್ಲಿಯೇ ತೊಡಕಿರುವುದು. ಅಲೆಗೆ ಎರಡು ಲಕ್ಷಣಗಳುಂಟು. ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದು ಒಂದು. ಇದರಿಂದ ಬೆಳಕಿನ ಪ್ರಖರತೆ ನಿಶ್ಚಯವಾಗುತ್ತದೆ. ಯಾವ ಕ್ಷಣದಲ್ಲಿ ಏರುತ್ತದೆ, ಯಾವ ಕ್ಷಣದಲ್ಲಿ ಇಳಿಯುತ್ತದೆ ಎಂಬುದು ಇನ್ನೊಂದು. ಇದಕ್ಕೆ ಪ್ರಾವಸ್ಥೆ ಎಂದು ಹೆಸರು. ಸಂಗೀತವನ್ನು ಬಲ್ಲವರಿಗೆ ಇದು ಸುಲಭಗ್ರಾಹ್ಯ. ಹಾಡು ತಾಳದೊಡನೆಯೇ ಎತ್ತಿಕೊಂಡರೆ ಸಮ, ತಾಳಕ್ಕೆ ಮೊದಲು ಹಾಡು ಅಥವಾ ಹಾಡಿಗೆ ಮೊದಲು ತಾಳ ಹೊರಟರೆ ಅತೀತ ಅನಾಗತಗಳು. ಧ್ವನಿ ಎಷ್ಟು ಗಟ್ಟಿ ಎಂಬುದು ಬೇರೆ, ಎಡುಪು ಎಲ್ಲಿ ಎಂಬುದು ಬೇರೆ. ನೂರು ಜನರ ಮೇಳದಲ್ಲಿ ಒಬ್ಬೊಬ್ಬರ ಧ್ವನಿಯ ಗಾತ್ರವನ್ನು ಮಾತ್ರ ಬರೆದುಕೊಂಡು, ಎಡುಪುಗಳನ್ನು ಬರೆಯದೆ ಬಿಟ್ಟರೆ ಆ ಹಾಡನ್ನು ಮತ್ತೆ ಕಟ್ಟುವುದು ಹೇಗೆ?

ಬೆಳಕಿನ ವಿಷಯದಲ್ಲಿ ಇದೇ ಆಗುತ್ತದೆ. ಕಾಣುವ ಬೆಳಕು ಸೆಕೆಂಡಿಗೆ ಸುಮಾರು ಐದು ಕೋಟಿ ಕೋಟಿ ಬಾರಿ ಏರಿಳಿಯುತ್ತದೆ. ಕ್ಷ-ಕಿರಣಗಳು ಅದಕ್ಕಿಂತ ನೂರಾರು, ಸಾವಿರಾರು ಪಟ್ಟು ವೇಗವಾಗಿ. ಯಾವ ಫಲಕವೂ ಯಾವ ಗ್ರಾಹಕವೂ ಇದನ್ನು ಅನುಸರಿಸಲಾರದು. ಅದು ಬರೆದುಕೊಳ್ಳುವುದು ಪ್ರಖರತೆಯನ್ನು ಮಾತ್ರ. ಪ್ರಾವಸ್ಥೆ ದಾಖಲೆಯಾಗದೆ ಕಳೆದುಹೋಗುತ್ತದೆ. ಅದು ಅಲ್ಪನಷ್ಟವೇನೂ ಅಲ್ಲ. ಎರಡು ಚಿತ್ರಗಳನ್ನು ತೆಗೆದುಕೊಂಡು, ಒಂದರ ಅಲೆಯೆತ್ತರಗಳನ್ನೂ ಇನ್ನೊಂದರ ಪ್ರಾವಸ್ಥೆಗಳನ್ನೂ ಕೂಡಿಸಿ ಹಿಮ್ಮರಳಿಸಿದರೆ, ಪ್ರಾವಸ್ಥೆ ಯಾವ ಚಿತ್ರದ್ದೋ ಅದೇ ಚಿತ್ರವು ಕಣ್ಣಿಗೆ ಕಾಣುತ್ತದೆ. ರೂಪದ ಪ್ರಾಣ ಪ್ರಾವಸ್ಥೆಯಲ್ಲಿದೆ. ನಾವು ಕಳೆದುಕೊಳ್ಳುವುದು ಅದನ್ನೇ.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ೧೯೧೨ರಲ್ಲಿ ಮ್ಯಾಕ್ಸ್ ಫಾನ್ ಲೌಅ ಅವರ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಂಬವರು ಸ್ಫಟಿಕದ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ ವಿವರ್ತನೆಯ ಬೊಟ್ಟುಗಳನ್ನು ಪಡೆದಂದಿನಿಂದಲೂ ಈ ತೊಡಕು ಜೊತೆಗೇ ಬಂದಿದೆ. ಸ್ಫಟಿಕಗಳ ಮಟ್ಟಿಗೆ ಇದನ್ನು ಬಿಡಿಸಲು ಹಲವು ಉಪಾಯಗಳು ಹೊರಟವು. ಮ್ಯಾಕ್ಸ್ ಪೆರುಟ್ಸ್ ಹಿಮೋಗ್ಲೋಬಿನ್ ಅಣುವಿಗೆ ಭಾರವಾದ ಪರಮಾಣುಗಳನ್ನು ಸೇರಿಸಿ, ಆಗ ಬೊಟ್ಟುಗಳಲ್ಲಾದ ವ್ಯತ್ಯಾಸದಿಂದ ಪ್ರಾವಸ್ಥೆಯನ್ನು ಊಹಿಸಿದರು. ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಎಸ್. ರಾಮನ್ ಅವರು ಕೆಲವು ಪರಮಾಣುಗಳ ಅಸಹಜ ಚೆದರಿಕೆಯಿಂದ ಪ್ರಾವಸ್ಥೆಯನ್ನು ಪಡೆಯುವ ವಿಧಾನವನ್ನು ೧೯೫೬ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಣಿತದಿಂದಲೇ ಪ್ರಾವಸ್ಥೆಯನ್ನು ಸಾಧಿಸಿದ ಹಾಪ್ಟ್‌ಮನ್ ಮತ್ತು ಕಾರ್ಲ್ ಅವರಿಗೆ ೧೯೮೫ರ ನೊಬೆಲ್ ಪಾರಿತೋಷಕ ಬಂದಿತು. ಆದರೆ ಜಗತ್ತಿನ ವಸ್ತುಗಳೆಲ್ಲವೂ ಸ್ಫಟಿಕವಾಗಲಾರವು. ಒಂದು ಜೀವಕೋಶ, ಒಂದು ವೈರಾಣು, ಒಂದು ಲೋಹದ ಕಣ ಇವು ಒಂಟಿಯಾಗಿ ನಿಂತ ವಸ್ತುಗಳು. ಇವುಗಳ ಗತಿಯೇನು?

ಬರಿಯ ಅಂಚಿನ ಬೆಲೆ

ಈ ಪ್ರಶ್ನೆಗೆ ಬೀಜರೂಪದ ಉತ್ತರವನ್ನು ಕೊಟ್ಟವರು ಡೇವಿಡ್ ಸೇಯರ್ (೧೯೨೪–೨೦೧೨). ಅಮೆರಿಕದ ಈ ವಿದ್ವಾಂಸರು ಮುಂದೆ ‘ಫೋರ್ಟ್ರಾನ್’ ಎಂಬ ಪ್ರಸಿದ್ಧ ಗಣಕಭಾಷೆಯನ್ನು ರೂಪಿಸಿದ ತಂಡದಲ್ಲಿಯೂ ಇದ್ದರು. ೧೯೫೨ರಲ್ಲಿ ಅವರು ಪ್ರಕಟಿಸಿದ ಅತಿ ಚಿಕ್ಕ ಟಿಪ್ಪಣಿಯೊಂದು, ಕ್ಲಾಡ್ ಶಾನನ್ ಅವರ ಪ್ರಮೇಯವನ್ನು ವಿವರ್ತನೆಗೆ ಅನ್ವಯಿಸಿತು. ಅದರ ತಾತ್ಪರ್ಯವಿಷ್ಟು: ಸ್ಫಟಿಕವು ಬೊಟ್ಟುಗಳಿರುವ ಸ್ಥಾನಗಳಲ್ಲಿ ಮಾತ್ರ ಬೆಳಕನ್ನು ಕೊಡುತ್ತದೆ, ಆ ಅಳತೆಗಳು ಸಾಲವು. ಬೊಟ್ಟುಗಳ ನಡುವಣ ಸ್ಥಾನಗಳಲ್ಲಿಯೂ ಪ್ರಖರತೆಯನ್ನು ಅಳೆಯಲು ಸಾಧ್ಯವಾದರೆ ಕಳೆದ ಪ್ರಾವಸ್ಥೆಯನ್ನು ಪಡೆಯಬಹುದು. ಒಂಟಿ ವಸ್ತುವಿನ ವಿನ್ಯಾಸವಾದರೋ ಬಿಡಿ ಬೊಟ್ಟುಗಳಾಗಿರದೆ ಎಡೆಬಿಡದೆ ಹಬ್ಬಿರುತ್ತದೆ. ಅದನ್ನು ಬೇಕಾದಷ್ಟು ಒತ್ತಾಗಿ ಅಳೆಯಬಹುದು.

ಲೆಕ್ಕ ಹಾಕಿ ನೋಡೋಣ. ವಸ್ತುವಿನ ಚಿತ್ರವು ೧೦೦ ಅಡ್ಡಸಾಲು, ೧೦೦ ಉದ್ದಸಾಲುಗಳ ೧೦,೦೦೦ ಬಿಂದುಗಳಿಂದ ಆಗಿದೆಯೆನ್ನಿ. ಪ್ರತಿ ಬಿಂದುವಿಗೂ ಅಲೆಯೆತ್ತರ, ಪ್ರಾವಸ್ಥೆ ಎಂಬ ಎರಡೆರಡು ಅಜ್ಞಾತಗಳು, ಒಟ್ಟು ೨೦,೦೦೦. ವಿನ್ಯಾಸವನ್ನೂ ೧೦,೦೦೦ ಸ್ಥಾನಗಳಲ್ಲಿ ಮಾತ್ರ ಅಳೆದರೆ ೨೦,೦೦೦ ಅಜ್ಞಾತಗಳಿಗೆ ೧೦,೦೦೦ ಸಮೀಕರಣಗಳಾದವು, ಬಿಡಿಸಲಾಗದು. ಎರಡು ದಿಕ್ಕಿನಲ್ಲಿಯೂ ಇಮ್ಮಡಿ ಒತ್ತಾಗಿ ಅಳೆದರೆ ೪೦,೦೦೦ ಸಮೀಕರಣಗಳು ದೊರೆಯುತ್ತವೆ. ಹೀಗೆ ಒತ್ತಾಗಿ ಅಳೆಯುವುದೂ, ವಸ್ತುವಿನ ಸುತ್ತ ಬರಿದಾದ ವಿಶಾಲ ಅಂಚನ್ನು ಬಿಡುವುದೂ ಗಣಿತದಲ್ಲಿ ಒಂದೇ ಮಾತು. ‘ಈ ಗೆರೆಯ ಆಚೆ ಏನೂ ಇಲ್ಲ’ ಎಂಬ ಅರಿವೇ ಇಲ್ಲಿ ಕಳೆದುಹೋದ ಅರ್ಧವನ್ನು ತುಂಬಿಕೊಡುವ ಬಂಡವಾಳ.

ಹಳೆಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ನ್ಯಾಯ ಹೊಸದಲ್ಲ. ತಾಳೆಯೋಲೆಯನ್ನು ಹುಳು ತಿಂದು ಷಟ್ಪದಿಯಲ್ಲಿ ಕೆಲವು ಅಕ್ಷರಗಳು ಲೋಪವಾಗಿರುತ್ತವೆ. ಉಳಿದ ಅಕ್ಷರಗಳು ಅಳತೆ ಮಾಡಿದ ಪ್ರಮಾಣಗಳಿದ್ದಂತೆ, ಅವುಗಳನ್ನು ಬದಲಿಸುವಂತಿಲ್ಲ. ಲೋಪಸ್ಥಾನದಲ್ಲಿ ಏನು ಬೇಕಾದರೂ ಇರಲಾರದು. ಮಾತ್ರೆಗಳ ಲೆಕ್ಕ ತಪ್ಪಬಾರದು, ಪಾದದ ಎರಡನೆಯ ಅಕ್ಷರ ಪ್ರಾಸಕ್ಕೆ ಹೊಂದಬೇಕು, ಅನ್ವಯ ಕೂಡಬೇಕು. ಕಾಣದ ಅಕ್ಷರವನ್ನು ಈ ನಿಯಮಗಳು ಸುತ್ತುಗಟ್ಟಿ ಹಿಡಿದುಕೊಡುತ್ತವೆ.

ಹೋಗಿ ಬರುವ ಮಾರ್ಗ

ಸಮೀಕರಣಗಳು ಸಾಕಷ್ಟಿದ್ದ ಮಾತ್ರಕ್ಕೆ ಅವುಗಳನ್ನು ಬಿಡಿಸಿದಂತಾಗಲಿಲ್ಲ. ಬಿಡಿಸುವ ಕ್ರಮದ ಮೊದಲ ಹೆಜ್ಜೆಯನ್ನು ೧೯೭೨ರಲ್ಲಿ ಗರ್ಚ್‌ಬರ್ಗ್ ಮತ್ತು ಸ್ಯಾಕ್ಸ್‌ಟನ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಂದರ್ಭದಲ್ಲಿ ಇಟ್ಟರು. ಅವರಿಗೆ ವಸ್ತುವಿನ ಚಿತ್ರ, ಅದರ ವಿವರ್ತನೆ ಎರಡರ ಪ್ರಖರತೆಗಳೂ ತಿಳಿದಿದ್ದವು. ವಿನ್ಯಾಸವೊಂದರಿಂದಲೇ ಚಿತ್ರವನ್ನು ಪಡೆಯುವ ಮಾರ್ಗವನ್ನು ಅಮೆರಿಕದ ಜೇಮ್ಸ್ ಫಿಯೆನಪ್ ೧೯೭೮ರಲ್ಲಿ ಪ್ರಕಟಿಸಿ ೧೯೮೨ರಲ್ಲಿ ವಿಸ್ತರಿಸಿದರು. ಮಾರ್ಗದ ಕ್ರಮ ಹೀಗಿದೆ.

ಮೊದಲು ಪ್ರಾವಸ್ಥೆಗಳನ್ನು ಮನಬಂದಂತೆ ಊಹಿಸಿಕೊಳ್ಳಬೇಕು. ಅಳೆದ ಅಲೆಯೆತ್ತರಗಳಿಗೆ ಅವನ್ನು ಕೂಡಿಸಿ ಗಣಿತದಿಂದ ಹಿಮ್ಮರಳಿಸಿದರೆ ಒಂದು ಚಿತ್ರ ಬರುತ್ತದೆ. ಅದು ಶುದ್ಧ ಅಸಂಬದ್ಧವಾಗಿದ್ದು, ಬರಿದಾಗಿರಬೇಕಾದ ಅಂಚಿನಲ್ಲಿಯೂ ಏನೇನೋ ಕಾಣುತ್ತದೆ. ಆ ಅಂಚನ್ನು ಬರಿದು ಮಾಡಬೇಕು. ಹಾಗೆ ತಿದ್ದಿದ ಚಿತ್ರವನ್ನು ಮುಂದಕ್ಕೆ ಪರಿವರ್ತಿಸಿದರೆ ಹೊಸ ವಿನ್ಯಾಸ ಬರುತ್ತದೆ. ಅದರ ಪ್ರಾವಸ್ಥೆಗಳನ್ನು ಉಳಿಸಿಕೊಂಡು, ಅಲೆಯೆತ್ತರಗಳ ಸ್ಥಾನದಲ್ಲಿ ಅಳೆದ ನಿಜವಾದ ಬೆಲೆಗಳನ್ನು ಮತ್ತೆ ಇಡಬೇಕು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ನೂರಾರು, ಸಾವಿರಾರು ಬಾರಿ. ಒಂದು ದಡದಲ್ಲಿ ಅಳತೆಯ ನಿಯಮ, ಇನ್ನೊಂದು ದಡದಲ್ಲಿ ಅಂಚಿನ ನಿಯಮ. ಎರಡಕ್ಕೂ ಒಪ್ಪುವ ಚಿತ್ರ ದೊರೆತಾಗ ಪ್ರಯಾಣ ಮುಗಿಯಿತು.

ಆದರೆ ಅಂಚನ್ನು ಪ್ರತಿಸಲವೂ ಒಮ್ಮೆಗೇ ಬರಿದು ಮಾಡುತ್ತ ಹೋದರೆ ಗಣನೆಯು ಅರ್ಧದಾರಿಯಲ್ಲಿ ನಿಂತುಬಿಡುವುದುಂಟು. ಚಿತ್ರ ಸರಿಯಾಗಿರುವುದಿಲ್ಲ, ಆದರೂ ಬದಲಾಗುವುದಿಲ್ಲ. ಫಿಯೆನಪ್ ಅವರ ಜಾಣತನ ಕಾಣುವುದು ಇಲ್ಲಿ. ಅಂಚಿನ ಬೆಲೆಯನ್ನು ಸೊನ್ನೆಗೆ ಇಳಿಸದೆ, ಅದರ ಹಿಂದಿನ ಬೆಲೆಯಿಂದ ಈಗಿನ ತಪ್ಪಿನ ಒಂದಂಶವನ್ನು ಕಳೆಯುತ್ತಾರೆ. ತಪ್ಪು ಎತ್ತ ಎಳೆಯುತ್ತದೆಯೋ ಅದರ ವಿರುದ್ಧ ದಿಕ್ಕಿಗೆ ಮೆಲ್ಲನೆ ತಳ್ಳಿದಂತಾಗಿ, ಗಣನೆಯು ಸಿಕ್ಕಿದ ಹಳ್ಳದಿಂದ ಮೇಲೆದ್ದು ಮುಂದೆ ಸಾಗುತ್ತದೆ. ವಸ್ತುವಿನ ಎಲ್ಲೆ ಸರಿಯಾಗಿ ಗೊತ್ತಿಲ್ಲದಿದ್ದಲ್ಲಿ, ಗಣನೆ ನಡೆದಂತೆ ಎಲ್ಲೆಯನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡುತ್ತ ಹೋಗುವ ಉಪಾಯವನ್ನು ಮಾರ್ಕೆಸಿನಿ ಮೊದಲಾದವರು ೨೦೦೩ರಲ್ಲಿ ಸೇರಿಸಿದರು.

ಕಣ್ಣಿಗೆ ಕಂಡ ಫಲ

ಸೇಯರ್ ಅವರ ಟಿಪ್ಪಣಿ ಕಾರ್ಯರೂಪಕ್ಕೆ ಬರಲು ೪೭ ವರ್ಷಗಳು ಹಿಡಿದವು. ತೀಕ್ಷ್ಣವಾದ ಸಂಸಕ್ತ ಕ್ಷ-ಕಿರಣಗಳನ್ನು ಕೊಡುವ ಸಿಂಕ್ರೊಟ್ರಾನ್ ಯಂತ್ರಗಳೂ ಶಕ್ತಿಯುತ ಗಣಕಯಂತ್ರಗಳೂ ಬರುವವರೆಗೆ ಕಾಯಬೇಕಾಯಿತು. ೧೯೯೯ರಲ್ಲಿ ಜಿಯಾನ್‌ವೈ ಮಿಯಾವ್, ಚರಲಂಬಸ್, ಕಿರ್ಜ್ ಮತ್ತು ಸೇಯರ್ ಅವರು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನಡೆಸಿದ ಪ್ರಯೋಗ ‘ನೇಚರ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ಸುಮಾರು ೧೦೦ ನ್ಯಾನೋಮೀಟರ್ ವ್ಯಾಸದ ಚಿನ್ನದ ಚುಕ್ಕಿಗಳಿಂದ ರೋಮನ್ ಅಕ್ಷರಗಳನ್ನು ತೆಳುಪೊರೆಯ ಮೇಲೆ ಬರೆದು, ಅದರ ಮೇಲೆ ೧.೭ ನ್ಯಾನೋಮೀಟರ್ ತರಂಗಾಂತರದ ಕ್ಷ-ಕಿರಣಗಳನ್ನು ಹಾಯಿಸಿದರು. ಚೆದರದೆ ನೇರವಾಗಿ ಬರುವ ಕಿರಣ ಬಹು ಪ್ರಖರವಾದುದರಿಂದ ವಿನ್ಯಾಸದ ನಡುಭಾಗವನ್ನು ಅಳೆಯಲಾಗಲಿಲ್ಲ; ಅದನ್ನು ಸಾಮಾನ್ಯ ಸೂಕ್ಷ್ಮದರ್ಶಕದ ಚಿತ್ರದಿಂದ ತುಂಬಿದರು. ಗಣನೆ ಮುಗಿದಾಗ ಅಕ್ಷರಗಳು ಸುಮಾರು ೭೫ ನ್ಯಾನೋಮೀಟರ್ ಸೂಕ್ಷ್ಮತೆಯಲ್ಲಿ ಮೂಡಿದವು. ತರುಣಪ್ರಾಯದಲ್ಲಿ ಬಿತ್ತಿದ ಬೀಜದ ಫಲವನ್ನು ಸೇಯರ್ ತಮ್ಮ ೭೫ನೆಯ ವಯಸ್ಸಿನಲ್ಲಿ ಕಂಡರು.

ಜೀವವಸ್ತುಗಳ ವಿಷಯದಲ್ಲಿ ಇನ್ನೊಂದು ವಿಘ್ನವಿತ್ತು. ಕಾಣಲು ಬೇಕಾದಷ್ಟು ಕ್ಷ-ಕಿರಣಗಳನ್ನು ಹಾಯಿಸಿದರೆ ಅವೇ ವಸ್ತುವನ್ನು ಸುಟ್ಟುಬಿಡುತ್ತವೆ. ವಸ್ತು ಸಿಡಿಯುವ ಮೊದಲೇ ಅದರ ವಿನ್ಯಾಸವನ್ನು ಪಡೆದುಬಿಡಬಹುದೆಂದು ೨೦೦೦ದಲ್ಲಿ ನಾಯ್ಟ್ಸ್, ಹೈಡು ಮೊದಲಾದವರು ಲೆಕ್ಕ ಹಾಕಿ ತೋರಿಸಿದರು. ಹೆನ್ರಿ ಚಾಪ್ಮನ್ ಅವರ ತಂಡ ೨೦೦೬ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇದನ್ನು ಮಾಡಿ ತೋರಿಸಿತು. ತೆಳುಪೊರೆಯಲ್ಲಿ ಕೊರೆದಿದ್ದ ಇಬ್ಬರು ಪುಟ್ಟ ಮನುಷ್ಯರ ಗೆರೆಚಿತ್ರದ ಮೇಲೆ, ೩೨ ನ್ಯಾನೋಮೀಟರ್ ತರಂಗಾಂತರದ ಒಂದೇ ಒಂದು ಮಿಂಚನ್ನು ಹಾಯಿಸಿದರು. ಆ ಮಿಂಚಿನ ಅವಧಿ ೨೫ ಫೆಮ್ಟೋಸೆಕೆಂಡ್. ಅಂದರೆ ಸೆಕೆಂಡಿನ ನಲವತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಪೊರೆ ನಾಶವಾಯಿತು, ಆದರೆ ದೊರೆತ ವಿನ್ಯಾಸದಿಂದ ನಾಶಪೂರ್ವದ ಚಿತ್ರ ಮರಳಿ ಬಂದಿತು. ೨೦೧೧ರಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ ಮಿಮಿವೈರಸ್ ಎಂಬ ದೊಡ್ಡ ವೈರಾಣುವನ್ನು ಸ್ಫಟಿಕವಾಗಿಸದೆ, ಒಂಟಿಯಾಗಿಯೇ ಹೀಗೆ ಚಿತ್ರಿಸಿದರು.

ಶಂಕೆ ಮತ್ತು ಸಮಾಧಾನ

ಇಲ್ಲಿ ವಿಚಾರಶೀಲರಿಗೆ ಒಂದು ಶಂಕೆ ಹುಟ್ಟದೆ ಇರದು. ಊಹೆಯಿಂದ ಆರಂಭಿಸಿ, ಯಾರೂ ನೇರವಾಗಿ ನೋಡದ ಚಿತ್ರವನ್ನು ಗಣಕಯಂತ್ರದಿಂದ ಹೊರತೆಗೆದು, ಇದೇ ನಿಜವಾದ ರೂಪವೆಂದರೆ ನಂಬುವುದು ಹೇಗೆ? ಹುಳು ಮರವನ್ನು ಕೊರೆಯುವಾಗ ಆಕಸ್ಮಿಕವಾಗಿ ಅಕ್ಷರದ ಆಕಾರ ಮೂಡಿದರೆ ಅದಕ್ಕೆ ಘುಣಾಕ್ಷರ ನ್ಯಾಯವೆನ್ನುತ್ತಾರೆ. ಹುಳುವಿಗೆ ಅಕ್ಷರ ಬರುತ್ತದೆಂದು ಅದರಿಂದ ಸಿದ್ಧವಾಗದು. ಈ ಚಿತ್ರವೂ ಘುಣಾಕ್ಷರವೇ ಏಕಾಗಿರಬಾರದು? ವೈರಾಣುವಿನ ರೂಪವನ್ನು ನಂಬಿ ಮುಂದಿನ ಸಂಶೋಧನೆ ನಡೆಯಬೇಕಾದಾಗ ಇದು ಬರಿಯ ತರ್ಕವಿನೋದವಲ್ಲ.

ಸಮಾಧಾನ ಎರಡು ಬಗೆಯದು. ಮೊದಲನೆಯದು ಗಣಿತದ್ದು. ಒಂದೇ ಗೆರೆಯ ಮೇಲಿರುವ, ಎಂದರೆ ಏಕಪರಿಮಾಣದ ವಸ್ತುವಿಗೆ ಈ ಶಂಕೆ ಪೂರ್ತಿ ಸಲ್ಲುತ್ತದೆ. ಒಂದೇ ವಿನ್ಯಾಸವನ್ನು ಕೊಡುವ ಹಲವು ವಸ್ತುಗಳು ಅಲ್ಲಿ ಇರಬಲ್ಲವು. ಏಕೆಂದರೆ ಒಂದು ಚರಾಕ್ಷರದ ಬೀಜೋಕ್ತಿ ಯಾವಾಗಲೂ ಬಿಡಿ ಬಿಡಿ ಅಪವರ್ತನಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಒಂದೊಂದನ್ನು ತಿರುವಿಟ್ಟರೂ ಪ್ರಖರತೆ ಬದಲಾಗದು. ಎರಡು ಚರಾಕ್ಷರಗಳ ಬೀಜೋಕ್ತಿಯಾದರೋ ಸಾಮಾನ್ಯವಾಗಿ ಒಡೆಯುವುದೇ ಇಲ್ಲ; ಆದುದರಿಂದ ದ್ವಿಪರಿಮಾಣದ ಚಿತ್ರಕ್ಕೆ ಉತ್ತರ ಪ್ರಾಯಶಃ ಒಂದೇ ಎಂದು ಬ್ರುಕ್ ಮತ್ತು ಸೋಡಿನ್ ೧೯೭೯ರಲ್ಲಿ ತೋರಿಸಿದರು. ಚಿತ್ರ ಪಕ್ಕಕ್ಕೆ ಸರಿದಿರಬಹುದು, ತಲೆಕೆಳಗಾಗಿ ತಿರುಗಿರಬಹುದು. ಅದು ರೂಪದ ಭೇದವಲ್ಲ. ಎರಡನೆಯ ಸಮಾಧಾನ ಆಚರಣೆಯದು. ಬೇರೆ ಬೇರೆ ಊಹೆಗಳಿಂದ ಗಣನೆಯನ್ನು ಹಲವು ಬಾರಿ ಹೊಸದಾಗಿ ಆರಂಭಿಸುತ್ತಾರೆ. ಎಲ್ಲ ದಾರಿಗಳೂ ಒಂದೇ ಊರನ್ನು ಸೇರಿದರೆ ಆ ಊರು ಇದೆಯೆಂದು ನಂಬುತ್ತಾರೆ. ಚಿತ್ರದ ಯಾವ ವಿವರ ಒಂದು ಬಾರಿ ಬಂದು ಇನ್ನೊಂದು ಬಾರಿ ಬಾರದೋ ಅದನ್ನು ಬಿಟ್ಟುಬಿಡುತ್ತಾರೆ. ಒಳ್ಳೆಯ ಸಂಪಾದಕನು ಸಂದೇಹದ ಪಾಠವನ್ನು ಕಂಸದಲ್ಲಿಡುವಂತೆಯೇ ಇದು.

ಈ ನಂಬಿಕೆಯನ್ನು ಇನ್ನಷ್ಟು ಭದ್ರಪಡಿಸುವ ಮಾರ್ಗ ಟೈಕಾಗ್ರಫಿ ಎಂಬುದು. ಗ್ರೀಕ್ ಭಾಷೆಯ ‘ಮಡಿಕೆ’ ಎಂಬ ಅರ್ಥದ ಶಬ್ದದಿಂದ ಈ ಹೆಸರು ಬಂದಿದೆ. ಮೂಲಕಲ್ಪನೆ ೧೯೬೯ರಲ್ಲಿ ವಾಲ್ಟರ್ ಹಾಪ್ಪೆ ಅವರದು. ಕಿರಣವನ್ನು ವಸ್ತುವಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ, ಪ್ರತಿ ಸ್ಥಾನದಲ್ಲಿಯೂ ವಿನ್ಯಾಸವನ್ನು ಪಡೆಯುತ್ತಾರೆ. ಬೆಳಗಿದ ಭಾಗಗಳು ಒಂದರ ಮೇಲೊಂದು ಹಾಯುವುದರಿಂದ, ನೆರೆಹೊರೆಯ ವಿನ್ಯಾಸಗಳು ಪರಸ್ಪರ ಸಾಕ್ಷಿ ಹೇಳುತ್ತವೆ. ಹರಿದ ಎರಡು ಪ್ರತಿಗಳಲ್ಲಿ ಸಮಾನವಾಗಿ ಉಳಿದ ಭಾಗ ಎರಡನ್ನೂ ಹೊಂದಿಸಿಕೊಡುವಂತೆ. ಸ್ವಿಟ್ಸರ್ಲೆಂಡಿನಲ್ಲಿ ೨೦೧೭ರಲ್ಲಿ ಗಣಕಯಂತ್ರದ ಚಿಪ್ಪಿನ ಒಳಗಣ ತಂತಿಗಳನ್ನು ಒಡೆಯದೆಯೇ ೧೪.೬ ನ್ಯಾನೋಮೀಟರ್ ಸೂಕ್ಷ್ಮತೆಯಲ್ಲಿ ಕಂಡದ್ದು ಇದರಿಂದ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ೨೦೨೧ರಲ್ಲಿ ಎಲೆಕ್ಟ್ರಾನುಗಳಿಂದ ಇದನ್ನು ನಡೆಸಿ, ಪರಮಾಣುಗಳ ಸಹಜ ಕಂಪನವೇ ಚಿತ್ರದ ಮಿತಿಯಾಗುವಷ್ಟು ಸೂಕ್ಷ್ಮತೆಯನ್ನು ಮುಟ್ಟಿದರು.

ಅಣುವಿನಲ್ಲಿ ಸಲ್ಲುವ ಗಣಿತ ಆಕಾಶದಲ್ಲಿಯೂ ಸಲ್ಲುತ್ತದೆ. ೧೯೯೦ರಲ್ಲಿ ಅಂತರಿಕ್ಷಕ್ಕೆ ಹೋದ ಹಬಲ್ ದೂರದರ್ಶಕ ಮಸುಕು ಚಿತ್ರಗಳನ್ನು ಕಳುಹಿಸಿದಾಗ, ಮಸುಕಾದ ನಕ್ಷತ್ರಬಿಂಬಗಳಿಂದಲೇ ಪ್ರಾವಸ್ಥೆಯನ್ನು ಹಿಂದಕ್ಕೆ ಪಡೆದು ಕನ್ನಡಿಯ ದೋಷವನ್ನು ಅಳೆದರು. ಅಂಚಿನಲ್ಲಿ ಸುಮಾರು ೨ ಮೈಕ್ರೋಮೀಟರಿನಷ್ಟು ಹೆಚ್ಚು ಚಪ್ಪಟೆಯಾದುದೇ ದೋಷ. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಅದಕ್ಕೆ ಪರಿಹಾರವನ್ನು ಅಳವಡಿಸಿದರು. ೨೦೨೧ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ೧೮ ಕನ್ನಡಿಗಳನ್ನು ಒಂದೇ ಕನ್ನಡಿಯಂತೆ ಹೊಂದಿಸಿದ್ದೂ ಇದೇ ವಿದ್ಯೆ.

ಕಾಣದುದನ್ನು ಊಹಿಸುವುದು ಎಲ್ಲರಿಗೂ ಬರುತ್ತದೆ. ಊಹೆಯನ್ನು ಪ್ರತಿಯೊಂದು ಸುತ್ತಿನಲ್ಲಿಯೂ ಅಳತೆಯ ಮುಂದೆ ನಿಲ್ಲಿಸಿ, ಅಳತೆಗೆ ಒಪ್ಪದುದನ್ನು ಮಮತೆಯಿಲ್ಲದೆ ಬಿಟ್ಟು, ಒಪ್ಪಿದುದನ್ನು ಮಾತ್ರ ಮುಂದಕ್ಕೆ ಒಯ್ಯುವುದು ಅಭ್ಯಾಸದಿಂದ ಬರಬೇಕು. ಭೌತವಿಜ್ಞಾನವನ್ನು ಕಲಿಸುವವರೂ ಭಾಷೆಯನ್ನು ಕಲಿಸುವವರೂ ತಮ್ಮ ತಮ್ಮ ತರಗತಿಗಳಲ್ಲಿ ಮಕ್ಕಳಿಗೆ ಕೊಡಬೇಕಾದ ಅಭ್ಯಾಸ ಇದೊಂದೇ. ಮುಂದಿನ ಸಂಜೆ ದೀಪ ಹತ್ತಿದಾಗ ಮಕ್ಕಳ ಕೈಗೆ ಒಂದು ತುಂಡು ರೇಷ್ಮೆಯನ್ನು ಕೊಟ್ಟು, ದೂರದ ಬೀದಿದೀಪವನ್ನು ನೋಡಹೇಳಿ, ಬೊಟ್ಟುಗಳ ಅಂತರದಿಂದ ನೂಲಿನ ಅಂತರವನ್ನು ಕಂಡುಹಿಡಿಯಲು ಹೇಳಿದರೆ ಅದಕ್ಕೆ ಒಳ್ಳೆಯ ಆರಂಭವಾದೀತು.